ಮುಂದಿನ ಸಾಲಿನಲ್ಲಿ ಕ್ಲಿಯಾನ್: ಅರಿಸ್ಟೊಫೆನೀಸನ ‘ರಾವುತರು’ ಮತ್ತು ಅಥೆನ್ಸಿನ ರಾಜಕೀಯ

ಅರಿಸ್ಟೊಫೆನೀಸನ ‘ಹಿಪ್ಪೈಸ್’ ನಾಟಕ ಮೊದಲು ರಂಗಕ್ಕೆ ಬಂದದ್ದು ಕ್ರಿ.ಪೂ. 424ರ ಚಳಿಗಾಲದಲ್ಲಿ, ಅಥೆನ್ಸಿನ ಲೆನಾಯಾ ಹಬ್ಬದಂದು. ಹೆಸರಿನ ಅರ್ಥ ಕುದುರೆ ಸವಾರರು ಅಥವಾ ರಾವುತರು ಎಂದು. ಇಂಗ್ಲಿಷ್ ಓದುಗರಿಗೆ ಇದು ‘ನೈಟ್ಸ್’ ಎಂದೇ ಪರಿಚಿತ. ಆ ವರ್ಷದ ಹಾಸ್ಯನಾಟಕಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಇದಕ್ಕೇ ಬಂತು. ನಾಟಕದ ಉದ್ದಕ್ಕೂ ಬೈಗುಳ ತಿಂದು, ಏಟು ತಿಂದು, ಕೊನೆಗೆ ಊರಬಾಗಿಲಿನಲ್ಲಿ ನಾಯಿ ಕತ್ತೆಗಳ ಮಾಂಸ ಮಾರುವ ಗತಿಗೆ ಇಳಿಯುವ ಪಾತ್ರ ಕ್ಲಿಯಾನನದು. ಆಗ ಅಥೆನ್ಸಿನಲ್ಲಿ ಅವನಷ್ಟು ಪ್ರಭಾವ ಇದ್ದ ರಾಜಕಾರಣಿ ಇನ್ನೊಬ್ಬನಿರಲಿಲ್ಲ. ರಂಗಮಂದಿರದಲ್ಲಿ ಮುಂದಿನ ಸಾಲಿನ ಆಸನದ ಹಕ್ಕನ್ನು ನಗರವೇ ಅವನಿಗೆ ಗೌರವಪೂರ್ವಕವಾಗಿ ಕೊಟ್ಟು ಕೆಲವೇ ತಿಂಗಳಾಗಿತ್ತು. ನಾಟಕ ಬರೆದವನಿಗೆ ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು.

ಅಥೆನ್ಸಿನಲ್ಲಿ ನಾಟಕ ಖಾಸಗಿ ಮನರಂಜನೆಯಾಗಿರಲಿಲ್ಲ. ಡಯೊನೈಸಸ್ ದೇವರ ಎರಡು ಹಬ್ಬಗಳಲ್ಲಿ ನಗರವೇ ಅದನ್ನು ಏರ್ಪಡಿಸುತ್ತಿತ್ತು. ಒಂದು ಚಳಿಗಾಲದ ಲೆನಾಯಾ, ಇನ್ನೊಂದು ವಸಂತದಲ್ಲಿ ಬರುವ ದೊಡ್ಡ ಡಯೊನೈಸಿಯಾ. ನಾಟಕಕಾರ ಅಧಿಕಾರಿಯ ಬಳಿಗೆ ಹೋಗಿ ಮೇಳ ಕೊಡಿ ಎಂದು ಕೇಳಬೇಕು. ಅಧಿಕಾರಿ ಒಪ್ಪಿದರೆ ಒಬ್ಬ ಸಿರಿವಂತ ಪ್ರಜೆಯ ತಲೆಗೆ ಮೇಳದ ತರಬೇತಿಯ, ವೇಷಭೂಷಣದ ಖರ್ಚು ಬೀಳುತ್ತಿತ್ತು. ಹಾಸ್ಯನಾಟಕದ ಮೇಳದಲ್ಲಿ 24 ಮಂದಿ ಇರುತ್ತಿದ್ದರು. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಬದುಕಿರುವ ರಾಜಕಾರಣಿಗಳನ್ನು ಹೆಸರು ಹಿಡಿದು ಹಂಗಿಸುವುದು ಈ ಹಾಸ್ಯದ ಹುಟ್ಟುಗುಣ. ಕ್ರಿ.ಪೂ. 440ರ ಹೊತ್ತಿಗೆ ಅದಕ್ಕೆ ಕಡಿವಾಣ ಹಾಕುವ ಕಾಯಿದೆಯೊಂದು ಬಂದು, ಮೂರು ವರ್ಷಗಳಲ್ಲೇ ರದ್ದಾಗಿತ್ತು. ಹೀಗೆ ನಗರದ ಹಣ, ನಗರದ ಹಬ್ಬ, ನಗರದ ತೀರ್ಪುಗಾರರ ನಡುವೆಯೇ ನಗರದ ನಾಯಕನ ಮಾನ ಹರಾಜಾಗುತ್ತಿತ್ತು. ಈ ಏರ್ಪಾಟನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ‘ರಾವುತರು’ ನಾಟಕವನ್ನು ಬಂಡಾಯದ ಬರಹ ಎಂದು ಓದಿದರೆ ದಾರಿ ತಪ್ಪಿದಂತೆ.

ನಾಟಕ ನಡೆದಾಗ ಯುದ್ಧ ನಡೆಯುತ್ತಿತ್ತು. ಕ್ರಿ.ಪೂ. 431ರಲ್ಲಿ ಶುರುವಾದ ಪೆಲೊಪೊನೀಸಿಯನ್ ಯುದ್ಧದಲ್ಲಿ ಒಂದು ಕಡೆ ಅಥೆನ್ಸ್ ಮತ್ತು ಅದರ ಸಾಮ್ರಾಜ್ಯ, ಇನ್ನೊಂದು ಕಡೆ ಸ್ಪಾರ್ಟಾ ಮತ್ತು ಅದರ ಮಿತ್ರರು. ನೆಲದ ಮೇಲೆ ಸ್ಪಾರ್ಟಾವನ್ನು ಎದುರಿಸುವುದು ಕಷ್ಟ ಎಂದು ಬಲ್ಲ ಪೆರಿಕ್ಲೀಸ್, ಹಳ್ಳಿಗಾಡಿನ ಜನರನ್ನೆಲ್ಲ ಗೋಡೆಗಳ ಒಳಗೆ ಕರೆಸಿಕೊಂಡು, ಹಡಗುಗಳ ಬಲದಿಂದ ಯುದ್ಧ ನಡೆಸುವ ಯೋಜನೆ ಹಾಕಿದ. ಸ್ಪಾರ್ಟಾದ ಸೈನ್ಯ ಬಂದು ಹೊಲ, ದ್ರಾಕ್ಷಿತೋಟ, ಆಲಿವ್ ಮರಗಳನ್ನು ಹಾಳುಮಾಡುವಾಗ ರೈತರು ಗೋಡೆಯ ಮೇಲಿನಿಂದ ನೋಡುತ್ತ ನಿಲ್ಲಬೇಕಾಯಿತು. ಊರೊಳಗೆ ಜಾಗ ಸಾಲದೆ ಜನ ಗುಡಿಗಳ ಆವರಣಗಳಲ್ಲಿ, ಗೋಡೆಯ ಗೋಪುರಗಳಲ್ಲಿ, ಉಸಿರು ಕಟ್ಟಿಸುವ ಗುಡಿಸಲುಗಳಲ್ಲಿ ಬದುಕಿದರು. ಕ್ರಿ.ಪೂ. 430ರಲ್ಲಿ ಆ ಇಕ್ಕಟ್ಟಿಗೆ ಮಹಾಮಾರಿ ಹೊಕ್ಕಿತು. ಮರುವರ್ಷ ಪೆರಿಕ್ಲೀಸನೂ ಅದಕ್ಕೆ ಬಲಿಯಾದ.

ಪೆರಿಕ್ಲೀಸ್ ಬಿಟ್ಟುಹೋದ ಜಾಗಕ್ಕೆ ಬಂದವರು ಬೇರೆ ಬಗೆಯ ನಾಯಕರು. ಅದುವರೆಗೆ ಅಥೆನ್ಸಿನ ಪ್ರಜಾಪ್ರಭುತ್ವವನ್ನು ನಡೆಸಿದವರಲ್ಲಿ ಹೆಚ್ಚಿನವರು ಹಳೆಯ ಭೂಮಾಲೀಕ ಮನೆತನಗಳಿಂದ ಬಂದವರು. ಹೊಸಬರ ಸಂಪತ್ತು ಕಾರ್ಖಾನೆ ಮತ್ತು ವ್ಯಾಪಾರಗಳಿಂದ ಬಂದದ್ದು. ಕ್ಲಿಯಾನನ ಕುಟುಂಬದ ಆದಾಯದ ಮೂಲ ಚರ್ಮ ಹದಮಾಡುವ ಕಾರ್ಖಾನೆ. ಅವನು ಬಡವನೂ ಅಲ್ಲ, ಕೂಲಿಯೂ ಅಲ್ಲ. ಅವನ ತಂದೆ ಕ್ಲಿಯೈನಿಟಸ್ ನಾಟಕ ಸ್ಪರ್ಧೆಯ ಖರ್ಚು ಹೊರುವಷ್ಟು ಸ್ಥಿತಿವಂತನಾಗಿದ್ದ. ಆದರೂ ಹಳೆಯ ಮನೆತನದವರ ಕಣ್ಣಿಗೆ ಕ್ಲಿಯಾನ್ ಎಂದರೆ ತೊಗಲಿನ ವಾಸನೆ. ಅವನ ಶಕ್ತಿ ಇದ್ದದ್ದು ನಾಲಗೆಯಲ್ಲಿ. ಪಿನಿಕ್ಸ್ ಬೆಟ್ಟದ ಇಳಿಜಾರಿನಲ್ಲಿ ಸಾವಿರಾರು ಜನ ಸೇರುವ ಜನಸಭೆಯಲ್ಲಿ ಮಾತಿನಿಂದಲೇ ತೀರ್ಮಾನಗಳನ್ನು ತಿರುಗಿಸಬಲ್ಲವನಾಗಿದ್ದ. ವೇದಿಕೆಯ ಮೇಲೆ ಮೊದಲ ಬಾರಿಗೆ ಕಿರುಚಿದವನು, ಬೈದವನು, ಮೇಲುವಸ್ತ್ರ ಬಿಗಿದು ಕಟ್ಟಿ ಭಾಷಣ ಮಾಡಿದವನು ಕ್ಲಿಯಾನನೇ ಎಂದು ಅರಿಸ್ಟಾಟಲನ ಹೆಸರಿನಲ್ಲಿ ಉಳಿದಿರುವ ‘ಅಥೆನ್ಸಿನ ಸಂವಿಧಾನ’ ಗ್ರಂಥ ದೂರುತ್ತದೆ.

ಅವನ ಸ್ವಭಾವ ಎಲ್ಲರಿಗೂ ಕಂಡದ್ದು ಕ್ರಿ.ಪೂ. 427ರಲ್ಲಿ. ಲೆಸ್ಬಾಸ್ ದ್ವೀಪದ ಮಿಟಿಲೀನಿ ನಗರ ಅಥೆನ್ಸಿನ ವಿರುದ್ಧ ಬಂಡೆದ್ದು ಸೋತಿತ್ತು. ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಬೇಕು ಎಂಬ ಕ್ಲಿಯಾನನ ಮಾತಿಗೆ ಜನಸಭೆ ಒಪ್ಪಿ ಹಡಗನ್ನೂ ಕಳಿಸಿಬಿಟ್ಟಿತು. ಮರುದಿನ ಜನರ ಮನಸ್ಸು ಅಳುಕಿತು. ಮತ್ತೆ ಸಭೆ ಸೇರಿ, ಡಯೊಡೊಟಸ್ ಎಂಬವನ ವಾದ ಕೇಳಿ, ಅಲ್ಪ ಬಹುಮತದಿಂದ ಆಜ್ಞೆಯನ್ನು ಹಿಂತೆಗೆದುಕೊಂಡರು. ಎರಡನೆಯ ಹಡಗು ಹಗಲೂ ರಾತ್ರಿ ಹುಟ್ಟುಹಾಕಿ, ಆಜ್ಞೆ ಓದುತ್ತಿದ್ದ ಹೊತ್ತಿಗೆ ಹೋಗಿ ಸೇರಿತು. ನಗರ ಉಳಿಯಿತು. ಆದರೂ ಬಂಡಾಯಕ್ಕೆ ಕಾರಣರೆಂದು ಹಿಡಿದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಕ್ಲಿಯಾನನ ಸೂಚನೆಯ ಮೇರೆಗೆ ಕೊಂದರು ಎಂದು ಥುಸಿಡಿಡೀಸ್ ಬರೆಯುತ್ತಾನೆ. ಕ್ಲಿಯಾನನನ್ನು ಅಥೆನ್ಸಿನ ಅತ್ಯಂತ ಉಗ್ರ ಪ್ರಜೆ ಎಂದೂ ಆ ಹೊತ್ತಿನಲ್ಲಿ ಜನ ಎಲ್ಲರಿಗಿಂತ ಹೆಚ್ಚು ನಂಬುತ್ತಿದ್ದ ಮಾತುಗಾರ ಎಂದೂ ಬಣ್ಣಿಸಿದವನು ಈ ಇತಿಹಾಸಕಾರನೇ.

ಅರಿಸ್ಟೊಫೆನೀಸನಿಗೂ ಕ್ಲಿಯಾನನಿಗೂ ಜಗಳ ಹತ್ತಿದ್ದು ಅದರ ಮರುವರ್ಷ. ಕ್ರಿ.ಪೂ. 426ರ ದೊಡ್ಡ ಡಯೊನೈಸಿಯಾದಲ್ಲಿ ‘ಬ್ಯಾಬಿಲೋನಿಯನ್ನರು’ ಎಂಬ ನಾಟಕ ನಡೆಯಿತು. ಅದರ ಪೂರ್ಣಪಾಠ ಇಂದು ಉಳಿದಿಲ್ಲ. ಅಧಿಕಾರಿಗಳನ್ನು, ಕ್ಲಿಯಾನನನ್ನು ಅದರಲ್ಲಿ ಗೇಲಿ ಮಾಡಿದ್ದು ಮಾತ್ರ ಖಚಿತ. ವಸಂತದ ಆ ಹಬ್ಬಕ್ಕೆ ಮಿತ್ರನಗರಗಳ ಪ್ರತಿನಿಧಿಗಳು ಕಪ್ಪದ ಹಣ ಹೊತ್ತು ಬರುತ್ತಿದ್ದರು. ಪರಊರಿನವರ ಎದುರು ನಗರದ ಮಾನ ಕಳೆದ ಎಂದು ಕ್ಲಿಯಾನ್ ಜನಸಭೆಯ ಕಲಾಪಗಳನ್ನು ಸಿದ್ಧಪಡಿಸುವ ಐನೂರರ ಮಂಡಳಿಯ ಮುಂದೆ ದೂರು ಕೊಂಡೊಯ್ದ. ಕವಿಗೆ ಶಿಕ್ಷೆಯೇನೂ ಆದಂತಿಲ್ಲ. ಮುಂದಿನ ವರ್ಷದ ‘ಅಕಾರ್ನಿಯನ್ನರು’ ನಾಟಕದಲ್ಲಿ ಅವನು ಆ ಪ್ರಕರಣವನ್ನೇ ಎತ್ತಿಕೊಂಡು, ಇದು ಲೆನಾಯಾ, ಇಲ್ಲಿ ಪರಊರಿನವರಿಲ್ಲ, ಈಗ ಏನು ಮಾಡುತ್ತಾನೆ ನೋಡೋಣ ಎಂಬರ್ಥದ ಮಾತಾಡಿಸಿದ. ಕ್ಲಿಯಾನನ ತೊಗಲನ್ನು ಕೊಯ್ದು ರಾವುತರ ಪಾದರಕ್ಷೆಗೆ ಅಟ್ಟೆ ಮಾಡುತ್ತೇನೆ ಎಂಬ ಬೆದರಿಕೆಯೂ ಆ ನಾಟಕದಲ್ಲಿ ಮೇಳದ ಬಾಯಲ್ಲಿ ಬರುತ್ತದೆ. ಮುಂದಿನ ವರ್ಷ ಅದನ್ನು ನಡೆಸಿಯೂ ತೋರಿಸಿದ.

ಅಷ್ಟರಲ್ಲಿ ಪೈಲಾಸ್ ಘಟನೆ ನಡೆದುಹೋಯಿತು. ಅದು ಗೊತ್ತಿಲ್ಲದಿದ್ದರೆ ‘ರಾವುತರು’ ನಾಟಕದ ಅರ್ಧ ಭಾಗ ಕೈಗೆ ಸಿಗುವುದಿಲ್ಲ. ಕ್ರಿ.ಪೂ. 425ರ ಬೇಸಿಗೆಯಲ್ಲಿ ಡೆಮೊಸ್ತೆನೀಸ್ ಎಂಬ ದಂಡನಾಯಕ (ಮುಂದಿನ ಶತಮಾನದ ಪ್ರಸಿದ್ಧ ಭಾಷಣಕಾರನಲ್ಲ, ಬೇರೆಯವನು) ಸ್ಪಾರ್ಟಾದ ಹಿಡಿತದಲ್ಲಿದ್ದ ಪಶ್ಚಿಮ ಕರಾವಳಿಯ ಪೈಲಾಸ್ ಎಂಬಲ್ಲಿ, ಬಿರುಗಾಳಿಗೆ ಸಿಕ್ಕಿ ತಂಗಿದ ಸೈನಿಕರಿಂದ ಕೋಟೆ ಕಟ್ಟಿಸಿದ. ಅದನ್ನು ಕಿತ್ತುಹಾಕಲು ಸ್ಪಾರ್ಟಾ ಎದುರಿನ ಸ್ಫ್ಯಾಕ್ಟೀರಿಯಾ ದ್ವೀಪಕ್ಕೆ 420 ಮಂದಿ ಕಾಲಾಳುಗಳನ್ನು ಇಳಿಸಿತು. ಅಥೆನ್ಸಿನ ಹಡಗುಗಳು ಬಂದು ಕೊಲ್ಲಿಯ ಕದನ ಗೆದ್ದು, ದ್ವೀಪವನ್ನು ಸುತ್ತುವರಿದವು. ಸಿಕ್ಕಿಬಿದ್ದವರಲ್ಲಿ ಸ್ಪಾರ್ಟಾದ ದೊಡ್ಡ ಮನೆಗಳ ಮಕ್ಕಳಿದ್ದರು. ಸ್ಪಾರ್ಟಾ ತಾನಾಗಿ ರಾಯಭಾರಿಗಳನ್ನು ಕಳಿಸಿ ಸಂಧಿ ಬೇಡಿತು. ಇಪ್ಪತ್ತು ವರ್ಷಗಳ ಹಿಂದೆ ಒಪ್ಪಂದದಲ್ಲಿ ಬಿಟ್ಟುಕೊಟ್ಟ ಊರುಗಳನ್ನೆಲ್ಲ ಮರಳಿಸಬೇಕು ಎಂದು ಕ್ಲಿಯಾನ್ ಪಟ್ಟು ಹಿಡಿಸಿದ. ಷರತ್ತುಗಳನ್ನು ಪ್ರತ್ಯೇಕವಾಗಿ ಕೂತು ಚರ್ಚಿಸೋಣ ಎಂದ ರಾಯಭಾರಿಗಳನ್ನು, ಜನರ ಮುಂದೆ ಮಾತಾಡಲು ಅಂಜುವವರ ಮನಸ್ಸಿನಲ್ಲಿ ಕಪಟವಿದೆ ಎಂದು ಜರೆದ. ಮಾತುಕತೆ ಮುರಿದುಬಿತ್ತು.

ಮುತ್ತಿಗೆ ಎಳೆಯುತ್ತ ಹೋಯಿತು. ಚಳಿಗಾಲ ಬಂದರೆ ಹಡಗುಗಳು ಅಲ್ಲಿ ನಿಲ್ಲಲಾರವು. ಸಂಧಿ ತಿರಸ್ಕರಿಸಿದ್ದಕ್ಕೆ ಅಥೆನ್ಸಿನವರು ಪೇಚಾಡತೊಡಗಿದರು, ಕ್ಲಿಯಾನನ ಮೇಲೆ ಸಿಟ್ಟಾದರು. ಅವನು ಜನಸಭೆಯಲ್ಲಿ ತನ್ನ ಎದುರಾಳಿ, ದಂಡನಾಯಕ ನಿಸಿಯಾಸನ ಕಡೆಗೆ ಬೆರಳು ತೋರಿಸಿ, ದಂಡನಾಯಕರು ಗಂಡಸರಾಗಿದ್ದರೆ ಇದು ಸುಲಭದ ಕೆಲಸ, ನಾನಾಗಿದ್ದರೆ ಮಾಡಿ ಮುಗಿಸುತ್ತಿದ್ದೆ ಎಂದ. ಹಾಗಾದರೆ ನೀನೇ ಹೋಗು, ನನ್ನ ಅಧಿಕಾರ ಬಿಟ್ಟುಕೊಡುತ್ತೇನೆ ಎಂದ ನಿಸಿಯಾಸ್. ಮೊದಲು ಇದು ಬರೀ ಬಾಯಿಮಾತು ಎಂದುಕೊಂಡ ಕ್ಲಿಯಾನ್, ಅಧಿಕಾರ ನಿಜವಾಗಿಯೂ ಕೈಗೆ ಬರುತ್ತಿದೆ ಎಂದು ತಿಳಿದು ಹಿಂದೆ ಸರಿಯಲು ನೋಡಿದ. ಅವನು ಹಿಂಜರಿದಷ್ಟೂ ಜನ ಹೋಗು ಹೋಗು ಎಂದು ಕೂಗಿದರು. ಕೊನೆಗೆ ಬೇರೆ ದಾರಿ ಕಾಣದೆ ಒಪ್ಪಿದವನು ಇಪ್ಪತ್ತು ದಿನಗಳೊಳಗೆ ಅವರನ್ನು ಜೀವಂತ ಹಿಡಿದು ತರುತ್ತೇನೆ, ಇಲ್ಲವೇ ಅಲ್ಲೇ ಕೊಲ್ಲುತ್ತೇನೆ ಎಂದು ಸಾರಿದ. ಸಭೆ ನಕ್ಕಿತು. ವಿವೇಕಿಗಳಿಗೆ ಒಳಗೊಳಗೇ ಸಂತೋಷವಾಯಿತಂತೆ: ಒಂದೋ ಸ್ಪಾರ್ಟಾದವರು ಸಿಗುತ್ತಾರೆ, ಇಲ್ಲವೋ ಕ್ಲಿಯಾನನ ಕಾಟ ತಪ್ಪುತ್ತದೆ.

ಕ್ಲಿಯಾನ್ ಹೇಳಿದ ಗಡುವಿನೊಳಗೆ ಹೇಳಿದಂತೆಯೇ ಮಾಡಿದ. ದಾಳಿಯ ಯೋಜನೆಯನ್ನು ಡೆಮೊಸ್ತೆನೀಸ್ ಮೊದಲೇ ಸಿದ್ಧ ಮಾಡಿಟ್ಟಿದ್ದ. ದ್ವೀಪದ ಕಾಡು ಬೆಂಕಿಗೆ ಸುಟ್ಟುಹೋಗಿದ್ದರಿಂದ ಶತ್ರುವಿಗೆ ಮರೆ ಉಳಿದಿರಲಿಲ್ಲ. ಬಿಲ್ಲುಗಾರರು, ಹಗುರ ಆಯುಧದವರು ಸುತ್ತಲಿನಿಂದ ಬಾಣ ಕಲ್ಲುಗಳ ಮಳೆಗರೆದರು. 292 ಮಂದಿ ಶರಣಾದರು, ಅವರಲ್ಲಿ ಸುಮಾರು 120 ಮಂದಿ ಸ್ಪಾರ್ಟಾದ ಪೂರ್ಣ ಪ್ರಜೆಗಳು. ಸ್ಪಾರ್ಟಾದವನು ಸಾಯುತ್ತಾನೆಯೇ ಹೊರತು ಗುರಾಣಿ ಕೆಳಗಿಡುವುದಿಲ್ಲ ಎಂದು ನಂಬಿದ್ದ ಗ್ರೀಕ್ ಜಗತ್ತಿಗೆ ಇದು ದಂಗುಬಡಿಸಿದ ಸುದ್ದಿ. ವಶಪಡಿಸಿಕೊಂಡ ಗುರಾಣಿಗಳನ್ನು ಅಥೆನ್ಸಿನ ಪೇಟೆಯ ಚಿತ್ರಮಂಟಪದಲ್ಲಿ ತೂಗುಹಾಕಿದರು. ಅಂಥದ್ದೊಂದು ಕಂಚಿನ ಗುರಾಣಿ 1936ರ ಉತ್ಖನನದಲ್ಲಿ ಸಿಕ್ಕಿತು. ಚಪ್ಪಟೆಯಾಗಿ, ತುಕ್ಕು ಹಿಡಿದು ಹೋಗಿದ್ದರೂ ಪೈಲಾಸಿನ ಸ್ಪಾರ್ಟಾದವರಿಂದ ಅಥೆನ್ಸಿನವರು ಪಡೆದದ್ದು ಎಂಬ ಚುಕ್ಕಿಬಡಿದ ಅಕ್ಷರಗಳು ಅದರ ಮೇಲೆ ಇನ್ನೂ ಓದಲು ಬರುತ್ತವೆ. ಈಗ ಅದು ಅಥೆನ್ಸಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿದೆ.

ಕೈದಿಗಳು ಅಥೆನ್ಸಿಗೆ ಒತ್ತೆಯಾಳುಗಳಾದರು. ಇನ್ನೊಮ್ಮೆ ದಂಡೆತ್ತಿ ಬಂದರೆ ಇವರ ತಲೆ ಉಳಿಯುವುದಿಲ್ಲ ಎಂದು ಸಾರಿದ ಮೇಲೆ ಸ್ಪಾರ್ಟಾದ ಹಾವಳಿ ನಿಂತಿತು. ಕ್ಲಿಯಾನನಿಗೆ ನಗರದ ಅತಿಥಿಶಾಲೆಯಾದ ಪ್ರಿಟನಿಯನ್ನಿನಲ್ಲಿ ನಗರದ ಖರ್ಚಿನಲ್ಲಿ ಊಟ, ರಂಗಮಂದಿರದಲ್ಲಿ ಮುಂದಿನ ಆಸನ ದೊರೆತವು. ಅದೇ ಹೊತ್ತಿನಲ್ಲಿ ಮಿತ್ರನಗರಗಳ ಕಪ್ಪವನ್ನು ವಿಪರೀತ ಏರಿಸುವ ನಿರ್ಣಯವೂ ಆಯಿತು. ಅದರ ಶಿಲಾಶಾಸನದ ಚೂರುಗಳು ಸಿಕ್ಕಿವೆ. ನ್ಯಾಯಾಲಯಗಳಲ್ಲಿ ಪಂಚರಾಗಿ ಕೂರುವ ಪ್ರಜೆಗಳ ದಿನಭತ್ಯೆಯನ್ನು ಎರಡು ಓಬಲಿನಿಂದ ಮೂರಕ್ಕೆ ಏರಿಸಿದವನೂ ಕ್ಲಿಯಾನನೇ. ಆರು ಓಬಲ್ ಸೇರಿದರೆ ಒಂದು ಡ್ರಾಕ್ಮಾ. ದುಡಿಯಲಾಗದ ಮುದುಕರಿಗೆ, ಬಡವರಿಗೆ ಈ ಮೂರು ಕಾಸು ಹಗುರದ ಮಾತಲ್ಲ.

ಇಂಥ ಗೆಲುವಿನ ಗುಂಗಿನಲ್ಲಿದ್ದ ಪ್ರೇಕ್ಷಕರ ಮುಂದೆ ಅರಿಸ್ಟೊಫೆನೀಸ್ ಒಂದು ಮನೆಯ ಕಥೆ ಹೂಡಿದ. ಮನೆಯ ಯಜಮಾನನ ಹೆಸರು ಡೆಮೊಸ್. ಗ್ರೀಕಿನಲ್ಲಿ ಜನತೆಗೂ ಇದೇ ಹೆಸರು. ಪಿನಿಕ್ಸ್ ಬೆಟ್ಟದ ನಿವಾಸಿಯಾದ ಈ ಮುದುಕ ಮುಂಗೋಪಿ, ಅರೆಕಿವುಡ. ಕಳೆದ ಅಮಾವಾಸ್ಯೆಯ ಸಂತೆಯಲ್ಲಿ ಅವನು ಒಬ್ಬ ಹೊಸ ಗುಲಾಮನನ್ನು ಕೊಂಡು ತಂದಿದ್ದಾನೆ. ಕಪ್ಪು ಸಮುದ್ರದ ಕಡೆಯ ಪ್ಯಾಫ್ಲಗೋನಿಯಾದವನು, ಚರ್ಮ ಹದಮಾಡುವವನು. ಅವನು ಯಜಮಾನನ ಕಾಲು ಹಿಡಿದು, ಮುಖಸ್ತುತಿ ಮಾಡಿ, ಬೇರೆ ಆಳುಗಳು ಹತ್ತಿರ ಸುಳಿಯದಂತೆ ತೊಗಲಿನ ಬೀಸಣಿಗೆಯಿಂದ ಓಡಿಸಿ, ಮನೆಯನ್ನೇ ಕೈವಶ ಮಾಡಿಕೊಂಡಿದ್ದಾನೆ. ಈ ಪ್ಯಾಫ್ಲಗೋನಿಯನ್ ಕ್ಲಿಯಾನನಲ್ಲದೆ ಬೇರೆಯಲ್ಲ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನಿಂದ ಏಟು ತಿಂದು ಗೋಳಾಡುವ ಇಬ್ಬರು ಹಳೆಯ ಆಳುಗಳಲ್ಲಿ ಡೆಮೊಸ್ತೆನೀಸ್ ಮತ್ತು ನಿಸಿಯಾಸರನ್ನು ಓದುಗರು ಹಿಂದಿನಿಂದಲೂ ಗುರುತಿಸಿದ್ದಾರೆ. ಅವರಲ್ಲೊಬ್ಬ ಹೇಳುವ ದೂರು ಇದು: ಪೈಲಾಸಿನಲ್ಲಿ ನಾನು ಸ್ಪಾರ್ಟಾದ ರೊಟ್ಟಿ ನಾದಿ ಇಟ್ಟಿದ್ದೆ, ಈ ಕಳ್ಳ ನುಸುಳಿ ಬಂದು ಅದನ್ನು ಎಗರಿಸಿ, ತಾನೇ ಮಾಡಿದವನಂತೆ ಯಜಮಾನನಿಗೆ ಬಡಿಸಿಬಿಟ್ಟ. ಇಡೀ ಸೈನಿಕ ವಿವಾದ ಒಂದು ರೊಟ್ಟಿಯಲ್ಲಿ ಅಡಗಿಹೋಯಿತು.

ಹೊಸ ಆಳು ಕುಡಿದು ಮಲಗಿದಾಗ ಇಬ್ಬರೂ ಅವನು ಬಚ್ಚಿಟ್ಟ ಕಣಿಗಳನ್ನು ಕದಿಯುತ್ತಾರೆ. ನಗರವನ್ನು ಮೊದಲು ನಾರಿನ ವ್ಯಾಪಾರಿ, ಬಳಿಕ ಕುರಿ ವ್ಯಾಪಾರಿ, ಆಮೇಲೆ ತೊಗಲು ವ್ಯಾಪಾರಿ ಆಳುವರು, ಕಡೆಗೆ ಅವನನ್ನು ಸಾಸೇಜು ಮಾರುವವನು ಉರುಳಿಸುವನು ಎಂದು ಅದರಲ್ಲಿ ಬರೆದಿದೆ. ಅದೇ ಹೊತ್ತಿಗೆ ಕರುಳಿನ ಗಂಟು, ಮರದ ಮಣೆ ಹೊತ್ತು ಸಾಸೇಜು ಮಾರುವ ಹುಡುಗನೊಬ್ಬ ಬರುತ್ತಾನೆ. ನೀನು ಅಥೆನ್ಸಿನ ಅಧಿಪತಿಯಾಗಬೇಕು ಎಂದರೆ ಅವನಿಗೆ ನಂಬಿಕೆ ಬರುವುದಿಲ್ಲ. ನಾನು ಒಳ್ಳೆಯ ಮನೆತನದವನಲ್ಲ, ವಿದ್ಯೆ ಇಲ್ಲ, ಅಕ್ಷರ ಅಷ್ಟಿಷ್ಟು ಬರುತ್ತದೆ ಎನ್ನುತ್ತಾನೆ. ಆ ಅಷ್ಟಿಷ್ಟು ಬರುವುದೇ ನಿನ್ನ ಒಂದು ಕುಂದು ಎಂಬ ಉತ್ತರ ಬರುತ್ತದೆ. ಸಾಸೇಜಿಗೆ ಎಲ್ಲವನ್ನೂ ಕೊಚ್ಚಿ ಕಲಸಿ ತುಂಬುವಂತೆ ರಾಜಕಾರಣವನ್ನೂ ಕಲಸು, ಮೇಲೆ ಸಿಹಿಮಾತಿನ ಒಗ್ಗರಣೆ ಹಾಕು ಎಂಬುದು ಅವನಿಗೆ ಸಿಗುವ ಪಾಠ.

ಅವನ ನೆರವಿಗೆ ಬರುವ ಮೇಳವೇ ರಾವುತರು. ಅಥೆನ್ಸಿನ ಸೈನ್ಯದಲ್ಲಿ ಸಾವಿರ ಮಂದಿಯ ಅಶ್ವದಳವಿತ್ತು. ಕುದುರೆ ಸಾಕುವ ಶಕ್ತಿಯುಳ್ಳ ಸಿರಿವಂತ ಮನೆಗಳ ಯುವಕರು ಅದರಲ್ಲಿದ್ದರು. ಉದ್ದ ಕೂದಲು ಬಿಡುವುದು ಅವರ ಶೋಕಿ. ಅವರಿಗೂ ಕ್ಲಿಯಾನನಿಗೂ ಮೊದಲಿನಿಂದ ಹೊಂದಾಣಿಕೆ ಇರಲಿಲ್ಲ. ಬೀದಿಬದಿಯ ವ್ಯಾಪಾರಿಯನ್ನೂ ಸಿರಿವಂತ ತರುಣರನ್ನೂ ಒಂದೇ ಕಡೆ ನಿಲ್ಲಿಸಿದ್ದು ನಾಟಕದ ಚಮತ್ಕಾರ. ಅದರ ರಾಜಕೀಯದ ಗುಟ್ಟೂ ಅಲ್ಲೇ ಇದೆ, ಏಕೆಂದರೆ ಕ್ಲಿಯಾನನನ್ನು ಕೆಳಗಿಳಿಸಲು ಸಜ್ಜನರಿಗೆ ತಮ್ಮಿಂದ ಆಗದೆ ಅವನಿಗಿಂತ ಗಟ್ಟಿ ಗಂಟಲಿನವನ ಮೊರೆ ಹೋಗಬೇಕಾಯಿತು.

ಅರಿಸ್ಟೊಫೆನೀಸನ ಕೈಚಳಕ ಪೂರ್ತಿಯಾಗಿ ಕಾಣುವ ಭಾಗಗಳಲ್ಲಿ ಐನೂರರ ಮಂಡಳಿಯ ಪ್ರಸಂಗವೂ ಒಂದು. ಅದು ರಂಗದ ಹೊರಗೆ ನಡೆಯುತ್ತದೆ, ಸಾಸೇಜು ಮಾರುವವನು ಬಂದು ವರ್ಣಿಸುತ್ತಾನೆ. ಪ್ಯಾಫ್ಲಗೋನಿಯನ್ ಅಲ್ಲಿ ರಾವುತರ ಮೇಲೆ ರಾಜದ್ರೋಹದ ಆಪಾದನೆ ಹೊರಿಸುತ್ತಿರುತ್ತಾನೆ, ಸದಸ್ಯರ ಹುಬ್ಬು ಗಂಟಿಕ್ಕುತ್ತಿರುತ್ತದೆ. ಇವನು ಬಾಗಿಲ ಕಟಕಟೆಯನ್ನು ತಳ್ಳಿಕೊಂಡು ಒಳಗೆ ನುಗ್ಗಿ, ಯುದ್ಧ ಶುರುವಾದಂದಿನಿಂದ ಸಣ್ಣ ಮೀನು ಇಷ್ಟು ಅಗ್ಗವಾದದ್ದು ನಾನು ಕಂಡಿಲ್ಲ ಎಂದು ಕೂಗುತ್ತಾನೆ. ಎಲ್ಲರ ಮುಖ ಅರಳುತ್ತದೆ. ಬೇಗ ಹೋಗಿ ಊರಿನ ಬಟ್ಟಲುಗಳನ್ನೆಲ್ಲ ಹಿಡಿದಿಡಿ, ಒಂದು ಓಬಲಿಗೆ ರಾಶಿ ಮೀನು ಬರುತ್ತದೆ ಎಂದು ಗುಟ್ಟಿನ ಸಲಹೆಯನ್ನೂ ಕೊಡುತ್ತಾನೆ. ಎದುರಾಳಿ ಬಿಡುತ್ತಾನೆಯೇ? ಶುಭವಾರ್ತೆಗಾಗಿ ದೇವಿಗೆ ನೂರು ಎತ್ತಿನ ಬಲಿ ಎನ್ನುತ್ತಾನೆ. ಇವನು ಇನ್ನೂರು ಎನ್ನುತ್ತಾನೆ, ಸಾಲದ್ದಕ್ಕೆ ಆರ್ಟಿಮಿಸಳಿಗೆ ಸಾವಿರ ಆಡಿನ ಹರಕೆ ಸೇರಿಸುತ್ತಾನೆ. ಸೋಲು ಕಂಡ ಪ್ಯಾಫ್ಲಗೋನಿಯನ್ ಕಡೆಯ ಅಸ್ತ್ರ ತೆಗೆಯುತ್ತಾನೆ: ಸ್ಪಾರ್ಟಾದ ದೂತ ಸಂಧಿಗೆ ಬಂದಿದ್ದಾನೆ, ಸ್ವಲ್ಪ ನಿಲ್ಲಿ. ಸಂಧಿಯೇ, ಮೀನು ಅಗ್ಗವಾದ ಸುದ್ದಿ ಅವರಿಗೂ ಮುಟ್ಟಿರಬೇಕು, ನಮಗೆ ಸಂಧಿ ಬೇಡ, ಯುದ್ಧ ನಡೆಯಲಿ ಎಂದು ಸದಸ್ಯರು ಕಟಕಟೆ ಹಾರಿ ಪೇಟೆಗೆ ಓಡುತ್ತಾರೆ. ಅವರಿಗಿಂತ ಮೊದಲೇ ಓಡಿದ ಸಾಸೇಜು ಮಾರುವವನು ಪೇಟೆಯ ಕೊತ್ತಂಬರಿ, ಈರುಳ್ಳಿ ಸೊಪ್ಪನ್ನೆಲ್ಲ ಕೊಂಡು ಮೀನಿನ ಮಸಾಲೆಗೆಂದು ಪುಕ್ಕಟೆ ಹಂಚುತ್ತಾನೆ. ಒಂದು ಓಬಲಿನ ಕೊತ್ತಂಬರಿಗೆ ಇಡೀ ಮಂಡಳಿ ಅವನದಾಗುತ್ತದೆ. ಹಿಂದಿನ ಬೇಸಿಗೆಯಲ್ಲಿ ನಿಜವಾದ ಸಂಧಿಯನ್ನು ತಳ್ಳಿಹಾಕಿದವರಲ್ಲಿ ಹಲವರು ಪ್ರೇಕ್ಷಕರ ಸಾಲಿನಲ್ಲಿ ಕೂತು ಇದನ್ನು ಕೇಳಿದ್ದರು ಎಂಬುದನ್ನು ನೆನೆದರೆ ಈ ನಗುವಿನ ಮೊನಚು ತಿಳಿಯುತ್ತದೆ.

ಆಮೇಲಿನ ಪೈಪೋಟಿ ಡೆಮೊಸ್ ಮುದುಕನ ಎದುರಿನಲ್ಲೇ ನಡೆಯುತ್ತದೆ. ನಿನ್ನ ಮೇಲೆ ನನಗೆಷ್ಟು ಪ್ರೀತಿ ಎಂದು ಇಬ್ಬರೂ ಸಾಬೀತು ಮಾಡಬೇಕು. ಸಾಸೇಜು ಮಾರುವವನು ಒಂದು ದಿಂಬು ತಂದು, ಪರ್ಷಿಯನ್ನರ ವಿರುದ್ಧದ ಸಲಾಮಿಸ್ ಕದನದಲ್ಲಿ ಹುಟ್ಟುಹಾಕಿ ಸವೆದ ನಿನ್ನ ಮೈ ಈ ಬಂಡೆಯ ಮೇಲೆ ಏಕೆ ನೋಯಬೇಕು ಎಂದು ಕೂರಿಸುತ್ತಾನೆ. ಯುದ್ಧದ ಎಂಟನೆಯ ವರ್ಷವೂ ಈ ಮುದುಕ ಪೀಪಾಯಿಗಳಲ್ಲಿ, ಗೋಪುರದ ಸಂದುಗಳಲ್ಲಿ ಬದುಕುತ್ತಿರುವುದನ್ನು ನೋಡಿಯೂ ನೀನು ಸಂಧಿಯನ್ನು ಒದ್ದು ಓಡಿಸಿದೆ ಎಂದು ಎದುರಾಳಿಯನ್ನು ಕೇಳುತ್ತಾನೆ. ಹಾಸ್ಯದ ನಡುವೆ ನಿರಾಶ್ರಿತ ರೈತರ ದಿನನಿತ್ಯದ ಸಂಕಟ ಹೀಗೆ ನೇರ ಬರುವುದು ಈ ಒಂದು ಕಡೆ, ಅದಕ್ಕೇ ಈ ಜಾಗ ಮುಟ್ಟುತ್ತದೆ. ಪ್ಯಾಫ್ಲಗೋನಿಯನ್ನನ ಉತ್ತರ ಸಾಮ್ರಾಜ್ಯದ ಭಾಷೆಯಲ್ಲಿದೆ: ಡೆಮೊಸ್ ಮುಂದೆ ಎಲ್ಲ ಗ್ರೀಕರನ್ನೂ ಆಳುತ್ತಾನೆ, ಅರ್ಕೇಡಿಯಾದಲ್ಲಿ ಪಂಚನಾಗಿ ಕೂತು ದಿನಕ್ಕೆ ಐದು ಓಬಲ್ ಎಣಿಸುತ್ತಾನೆ. ಸಂಧಿಯಾಗಿ ಮುದುಕ ಹಳ್ಳಿಗೆ ಮರಳಿ, ಹುರಿದ ಕಾಳು ತಿಂದು ಮೈಯಲ್ಲಿ ಕಸುವು ಬಂದರೆ, ಆ ಭತ್ಯೆಯ ಹೆಸರಿನಲ್ಲಿ ತಾನು ಏನೇನು ಕಳೆದುಕೊಂಡೆ ಎಂದು ಅರಿತಾನು, ಅದಕ್ಕೇ ನಿನಗೆ ಯುದ್ಧ ಬೇಕು ಎಂದು ಸಾಸೇಜು ಮಾರುವವನು ತಿರುಗೇಟು ಕೊಡುತ್ತಾನೆ. ಚಿತ್ರಮಂಟಪದ ಗುರಾಣಿಗಳಿಗೂ ಇಲ್ಲಿ ಪಾಲಿದೆ. ಅವುಗಳ ಹಿಡಿಗಳನ್ನು ತೆಗೆಸದೆ ತೂಗುಹಾಕಿದ್ದೇಕೆ, ಯಾವಾಗ ಬೇಕಾದರೂ ನಿನ್ನ ತೊಗಲು ವ್ಯಾಪಾರದ ಪಡೆ ಕಸಿದುಕೊಂಡು ಬಳಸಲೆಂದೇ ಎಂಬುದು ಆಪಾದನೆ. ಕಡೆಗೆ ಊಟ ಬಡಿಸುವ ಸ್ಪರ್ಧೆ. ಹಣದ ಚೀಲ ಹೊತ್ತ ರಾಯಭಾರಿಗಳು ಬರುತ್ತಿದ್ದಾರೆ ನೋಡು ಎಂದು ಪ್ಯಾಫ್ಲಗೋನಿಯನ್ನನ ಗಮನ ತಪ್ಪಿಸಿ, ಅವನು ಬೇಯಿಸಿದ ಮೊಲದ ಮಾಂಸವನ್ನು ಸಾಸೇಜು ಮಾರುವವನು ಎಗರಿಸಿ ಬಡಿಸುತ್ತಾನೆ. ಪೈಲಾಸಿನ ರೊಟ್ಟಿಯ ಲೆಕ್ಕ ಅಲ್ಲಿಗೆ ಚುಕ್ತಾ.

ನಾಟಕದ ತಿರುಳಿರುವುದು ಈ ಬಡಿದಾಟಗಳ ನಡುವೆ ಮೇಳವೂ ಮುದುಕನೂ ಹಾಡುವ ಒಂದು ಸಣ್ಣ ಸಂವಾದದಲ್ಲಿ. ಎಲ್ಲರೂ ನಿನಗೆ ಹೆದರುತ್ತಾರೆ, ಆದರೂ ಹೊಗಳಿಕೆಗೆ ಬಾಯಿಬಿಟ್ಟು, ಮಾತಾಡಿದವರ ಹಿಂದೆಲ್ಲ ಹೋಗುತ್ತೀಯಲ್ಲ ಎಂದು ಮೇಳ ಕೇಳುತ್ತದೆ. ದಡ್ಡನಂತೆ ನಟಿಸುತ್ತಿದ್ದೇನೆ ಎನ್ನುತ್ತಾನೆ ಡೆಮೊಸ್. ಒಬ್ಬ ಕಳ್ಳನನ್ನು ಸಾಕಿ ಕೊಬ್ಬಿಸುತ್ತೇನೆ, ಹೊಟ್ಟೆ ತುಂಬಿದ ಮೇಲೆ ಎತ್ತಿ ಬಡಿಯುತ್ತೇನೆ, ತಿಂದದ್ದನ್ನೆಲ್ಲ ಕಕ್ಕಿಸುತ್ತೇನೆ. ಅಂದರೆ ನಾಟಕ ಬಯ್ಯುತ್ತಿರುವುದು ಕ್ಲಿಯಾನ್ ಒಬ್ಬನನ್ನಲ್ಲ. ಮುದುಕನ ಜಾಣತನ ನಿಜವೇ ಅಥವಾ ಅದೂ ಒಂದು ಭ್ರಮೆಯೇ ಎಂಬ ಪ್ರಶ್ನೆಯನ್ನು ಕವಿ ಬೇಕೆಂದೇ ಬಿಡಿಸದೆ ಬಿಟ್ಟಿದ್ದಾನೆ. ಜನರೇ ಪ್ರಭುಗಳಾಗಿದ್ದ ನಗರದಲ್ಲಿ, ಆ ಪ್ರಭುವನ್ನೇ ಜೊಲ್ಲು ಸುರಿಸುವ ಮುದುಕನನ್ನಾಗಿ ರಂಗಕ್ಕೆ ತಂದದ್ದು ಕ್ಲಿಯಾನನನ್ನು ಹಂಗಿಸುವುದಕ್ಕಿಂತ ದೊಡ್ಡ ಧೈರ್ಯ.

ಮುಕ್ತಾಯದಲ್ಲಿ ಸಾಸೇಜು ಮಾರುವವನ ಹೆಸರು ಅಗೊರಾಕ್ರಿಟಸ್ ಎಂದು ತಿಳಿಯುತ್ತದೆ. ಅವನು ಡೆಮೊಸನನ್ನು ಪಾತ್ರೆಯಲ್ಲಿ ಕುದಿಸಿ, ಪರ್ಷಿಯನ್ನರನ್ನು ಸೋಲಿಸಿದ ಮ್ಯಾರಥಾನ್ ಕದನದ ಕಾಲದ ತರುಣನನ್ನಾಗಿ ಮಾಡುತ್ತಾನೆ. ಹೊಸ ಮೈ ಪಡೆದವನು ಹಿಂದಿನ ಪೆದ್ದುತನ ಕೇಳಿ ನಾಚಿ, ಹಡಗಿನವರು ದಡ ಸೇರಿದ ಕೂಡಲೇ ಅವರ ಸಂಬಳ ಪೂರ್ತಿ ಕೊಡುತ್ತೇನೆ, ಸೈನಿಕರ ಪಟ್ಟಿಯಲ್ಲಿ ವಶೀಲಿಗೆ ಜಾಗ ಕೊಡುವುದಿಲ್ಲ ಎಂದು ಮಾತು ಕೊಡುತ್ತಾನೆ. ಮೂವತ್ತು ವರ್ಷದ ಸಂಧಿಗಳು ಚೆಲುವೆಯರ ರೂಪದಲ್ಲಿ ಹೊರಬರುತ್ತವೆ, ಪ್ಯಾಫ್ಲಗೋನಿಯನ್ ಅವನ್ನು ಮನೆಯೊಳಗೇ ಬಚ್ಚಿಟ್ಟಿದ್ದನಂತೆ. ಪ್ರಿಟನಿಯನ್ನಿನ ಊಟ, ಕ್ಲಿಯಾನನ ಆಸನ ಎರಡೂ ಅಗೊರಾಕ್ರಿಟಸನಿಗೆ ಸಲ್ಲುತ್ತವೆ. ಎರಡು ಗಂಟೆ ಕಾಲ ಕಚ್ಚಾಡಿದವನು ಇದ್ದಕ್ಕಿದ್ದಂತೆ ಗಂಭೀರ ಸುಧಾರಕನಾಗುವುದು ಹಲವು ಓದುಗರಿಗೆ ಹೊಂದುವುದಿಲ್ಲ. ಹಬ್ಬದ ನಾಟಕ ಸಂಭ್ರಮದಲ್ಲೇ ಮುಗಿಯಬೇಕಿತ್ತು ಎಂಬುದು ನಿಜವಾದರೂ, ಈ ಬೆಸುಗೆ ನಾಟಕದ ದುರ್ಬಲ ಜಾಗ ಎಂದು ಒಪ್ಪುವುದೇ ಸರಿ.

ಕ್ಲಿಯಾನನ ವೇಷದ ಬಗ್ಗೆ ಒಂದು ಹಳೆಯ ಕಥೆ ಇದೆ. ಅವನ ಮುಖವಾಡ ಮಾಡಲು ಯಾವ ಕುಶಲಕರ್ಮಿಯೂ ಒಪ್ಪಲಿಲ್ಲ, ಆ ಪಾತ್ರ ಹಾಕಲು ನಟರು ಸಿಗದೆ ಕವಿಯೇ ಮುಖಕ್ಕೆ ಬಣ್ಣ ಬಳಿದುಕೊಂಡು ರಂಗಕ್ಕೆ ಬಂದ ಎಂದು ನಂತರದ ಟಿಪ್ಪಣಿಕಾರರು ಬರೆದರು. ಮುಖವಾಡ ಮಾಡುವವರು ಹೆದರಿದರು ಎಂಬ ಮಾತು ನಾಟಕದಲ್ಲೇ ಹಾಸ್ಯಕ್ಕಾಗಿ ಬಂದಿದೆ. ಉಳಿದದ್ದು ಅದರಿಂದ ಹೆಣೆದ ಕಥೆಯಿರಬೇಕು. ತನ್ನದೇ ಹೆಸರಿನಲ್ಲಿ ಮೇಳ ಕೇಳಿ ಪಡೆದ ಮೊದಲ ನಾಟಕ ಇದು ಎಂಬುದಂತೂ ದಿಟ. ಮೊದಲಿನವನ್ನು ಕ್ಯಾಲಿಸ್ಟ್ರಾಟಸ್ ಮುಂತಾದವರು ಆಡಿಸಿದ್ದರು. ಈ ನಾಟಕದಲ್ಲಿ ಹಿರಿಯ ಕವಿ ಕ್ರಟೈನಸನನ್ನು ಕುಡಿದು ಕೆಟ್ಟ ಮುದುಕ ಎಂದು ಅರಿಸ್ಟೊಫೆನೀಸ್ ಕರುಣೆ ತೋರುವಂತೆ ಹಂಗಿಸಿದ್ದ. ಮುದುಕ ಮರುವರ್ಷ ತನ್ನ ಕುಡಿತವನ್ನೇ ವಸ್ತುವಾಗಿಸಿ ‘ಶೀಶೆ’ ಎಂಬ ನಾಟಕ ಬರೆದು ಮೊದಲ ಬಹುಮಾನ ಹೊಡೆದ. ಆ ಸಲ ಅರಿಸ್ಟೊಫೆನೀಸನ ‘ಮೋಡಗಳು’ ಮೂರನೆಯ ಸ್ಥಾನಕ್ಕೆ ಬಿತ್ತು.

ನಾಟಕದ ಕ್ಲಿಯಾನನೇ ಇತಿಹಾಸದ ಕ್ಲಿಯಾನನೇ? ಇವನ ವಿಷಯದಲ್ಲಿ ಉಳಿದಿರುವ ಇಬ್ಬರು ಮುಖ್ಯ ಸಾಕ್ಷಿಗಳಲ್ಲಿ ಅರಿಸ್ಟೊಫೆನೀಸನಿಗೆ ಅವನೊಡನೆ ನೇರ ಜಗಳವಿತ್ತು. ಥುಸಿಡಿಡೀಸ್ ದಂಡನಾಯಕನಾಗಿದ್ದಾಗ ಅಥೆನ್ಸಿನ ವಶದಲ್ಲಿದ್ದ ಆಂಫಿಪೊಲಿಸ್ ನಗರವನ್ನು ಕಳೆದುಕೊಂಡು ದೇಶಭ್ರಷ್ಟನಾದವನು. ಆಗ ಅಥೆನ್ಸಿನಲ್ಲಿ ಮೇಲುಗೈ ಇದ್ದದ್ದು ಕ್ಲಿಯಾನನಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಇತಿಹಾಸಕಾರ ಜಾರ್ಜ್ ಗ್ರೋಟ್ ಕ್ಲಿಯಾನನ ಪರ ನಿಂತು, ಪೈಲಾಸಿನಲ್ಲಿ ಅವನು ಹೇಳಿದ್ದು ನಡೆಯಿತಲ್ಲವೇ ಎಂದು ವಾದಿಸಿದ. ಆ ವಾದದಲ್ಲಿ ಹುರುಳಿದೆ. ಮಿಟಿಲೀನಿಯಲ್ಲಿ ಕ್ಲಿಯಾನನ ಕ್ರೌರ್ಯಕ್ಕೆ ಸಮಜಾಯಿಷಿ ಸಿಗುವುದಿಲ್ಲ. ಆದರೆ ಪಂಚರ ಭತ್ಯೆ ಏರಿಸಿದ್ದನ್ನು ಲಂಚ ಎಂದು ಕಾಣುವುದು ಹೊಟ್ಟೆ ತುಂಬಿದವರ ದೃಷ್ಟಿ. ನಾಟಕ ಆ ದೃಷ್ಟಿಯನ್ನು ಹಂಚಿಕೊಳ್ಳುತ್ತದೆ. ವ್ಯಾಪಾರದಿಂದ ಬದುಕುವವನು ಆಳಲು ಬಂದದ್ದೇ ಅಪಚಾರ ಎಂಬ ತಾತ್ಸಾರವೂ ಅದರೊಳಗಿದೆ. ನಗುತ್ತ ಓದುವಾಗ ಇದನ್ನು ಮರೆಯಬಾರದು.

ಬಹುಮಾನ ಕೊಟ್ಟ ಕೆಲವೇ ತಿಂಗಳಲ್ಲಿ ಅದೇ ಅಥೆನ್ಸಿನವರು ಕ್ಲಿಯಾನನನ್ನು ದಂಡನಾಯಕನನ್ನಾಗಿ ಆರಿಸಿದರು. ಅರಿಸ್ಟೊಫೆನೀಸ್ ‘ಮೋಡಗಳು’ ನಾಟಕದಲ್ಲಿ ಅದನ್ನು ನೆನೆದು ಪ್ರೇಕ್ಷಕರನ್ನು ಗದರಿದ್ದಾನೆ. ಹಾಸ್ಯ ಸೋತಿತು ಎಂದು ಇದನ್ನು ಓದುವವರಿದ್ದಾರೆ. ಆದರೆ ಅಥೆನ್ಸಿನವನಿಗೆ ಹಬ್ಬದಲ್ಲಿ ಬಲಿಷ್ಠನನ್ನು ನೋಡಿ ನಗುವುದೂ, ಜನಸಭೆಯಲ್ಲಿ ಯುದ್ಧ ಗೆದ್ದುಕೊಟ್ಟವನಿಗೆ ಕೈ ಎತ್ತುವುದೂ ಎರಡು ಬೇರೆ ಕೆಲಸಗಳು, ಎರಡೂ ಅವನ ಹಕ್ಕು. ಡೆಮೊಸ್ ಮುದುಕ ನಾಟಕದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಕ್ರಿ.ಪೂ. 422ರಲ್ಲಿ ಆಂಫಿಪೊಲಿಸನ್ನು ಮರಳಿ ಪಡೆಯಲು ಹೋದ ಕ್ಲಿಯಾನ್ ಅಲ್ಲಿನ ಕದನದಲ್ಲಿ ಸತ್ತ. ಸ್ಪಾರ್ಟಾದ ಸಮರ್ಥ ಸೇನಾನಿ ಬ್ರಾಸಿಡಾಸನೂ ಅದೇ ದಿನ ಸತ್ತ. ಎರಡೂ ಕಡೆ ಯುದ್ಧ ಬೇಕೆನ್ನುವವರು ಹೋದ ಮೇಲೆ 421ರಲ್ಲಿ ನಿಸಿಯಾಸನ ಹೆಸರಿನ ಸಂಧಿ ಆಯಿತು, ಪೈಲಾಸಿನ ಕೈದಿಗಳು ಊರಿಗೆ ಮರಳಿದರು. ಸಂಧಿ ಹೆಚ್ಚು ಕಾಲ ಬಾಳಲಿಲ್ಲ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಸೋತು ತನ್ನ ಉದ್ದ ಗೋಡೆಗಳನ್ನು ಕೆಡವಿಸಿಕೊಂಡಿತು. ಅರಿಸ್ಟೊಫೆನೀಸ್ ಆಮೇಲೂ ಬರೆದ. ಉಳಿದಿರುವ ಹನ್ನೊಂದು ನಾಟಕಗಳಲ್ಲಿ ಕೊನೆಯದಾದ 388ರ ‘ಪ್ಲೂಟಸ್’ ಹಣ ಹಾಗೂ ಬಡತನದ ಕಥೆ. ಅಧಿಕಾರದಲ್ಲಿರುವ ಒಬ್ಬ ನಾಯಕನನ್ನು ಆರಂಭದಿಂದ ಅಂತ್ಯದವರೆಗೆ ಬೆನ್ನಟ್ಟುವ ನಾಟಕ ಅವನ ಕೃತಿಗಳಲ್ಲಿ ನಮಗೆ ಪೂರ್ತಿಯಾಗಿ ಸಿಕ್ಕಿರುವುದು ‘ರಾವುತರು’ ಒಂದೇ.